ಎರಡು ಡಿಗ್ರಿಯಲ್ಲಿ ಸೌತೆ ಸಸಿ

ಕುತ್ತಿಗೆಗೆ ಚಾಕು ತಗುಲಿದಾಗ ಮನುಷ್ಯ ಉಸಿರಾಡುವುದನ್ನೂ ಮುಂದೂಡುತ್ತಾನೆ. ನಾನೂ ಮುಂದೂಡಿದೆ!

"ಯಾವ ಟ್ರೇ? ಬೇಗ ಹೇಳಮ್ಮಾ!" ಚಾಕು ಹಿಡಿದ ಬೋಳುತಲೆ ಗುಡುಗಿದ. ಸಸಿ ಕದಿಯಲು ಯಾವುದೋ ಸೀಡ್ಸ್ ಕಂಪನಿ ಕಳಿಸಿದ ರೌಡಿ.

ಅವನು ಕೇಳಿದ್ದು ನನ್ನ ಅಕ್ಕನನ್ನು. ಲ್ಯಾಬ್ ಅವಳದು. ಅವಳ ಕಾವಲಿಗೆ ಬಂದವನು ನಾನು... ಎಂಥ ಕಾವಲು ನೋಡಿ!

ಮೇಜಿನ ಮೇಲೆ ಸೌತೆ ಸಸಿಗಳ ಎರಡು ಟ್ರೇ. ಒಂದೇ ಹಸಿರು, ಒಂದೇ ಎತ್ತರ. ಎಲೆಯ ಪ್ರತಿ ಜೀವಕೋಶಕ್ಕೂ ಕೊಬ್ಬಿನ ತೆಳು ಪೊರೆ ಇರುತ್ತದಂತೆ. ಚಳಿಗೆ ಅದು ತುಪ್ಪದ ಹಾಗೆ ಗಟ್ಟಿಯಾದರೆ ಸಸಿ ಸತ್ತಂತೆ. ಗಟ್ಟಿಯಾಗದ ಕೊಬ್ಬನ್ನು ತಯಾರಿಸುವ ಎಂಜೈಮನ್ನು ಅಕ್ಕ ಒಂದು ಟ್ರೇಯ ಸಸಿಗಳಿಗೆ ಸೇರಿಸಿದ್ದಳು. ಏಳು ವರ್ಷದ ದುಡಿಮೆ. ಇರುವುದು ಅದೊಂದೇ ಟ್ರೇ!

"ಎಡಗಡೇದು," ಅಂದಳು ಅಕ್ಕ.

"ಸುಳ್ಳಾದ್ರೆ ವಾಪಸ್ ಬರ್ತೀನಿ! ಫೋನ್ ಇಲ್ಲಿಡಿ. ಆ ಇನ್ನೊಂದು ಕಸಾನ ಎತ್ಕೊಂಡು ಒಳಗೆ ನಡೀರಿ!"

ಎಡಗಡೆಯ ಟ್ರೇಯನ್ನು ಕಂಕುಳಲ್ಲಿಟ್ಟುಕೊಂಡು, ನಮ್ಮನ್ನು ಸಸಿಗಳಿಗೆ ಚಳಿಯ ಪರೀಕ್ಷೆ ಮಾಡುವ ಕೋಲ್ಡ್ ರೂಮಿಗೆ ದಬ್ಬಿದ. ಹೊರಗೆ ಬಾಗಿಲ ಹಿಡಿಗೆ ಕಬ್ಬಿಣದ ಸರಳು ಸಿಕ್ಕಿಸಿದ ಸದ್ದು.

ಒಳಗೆ ಎರಡು ಡಿಗ್ರಿ!

"ತಲೆ ಕೆಟ್ಟಿದ್ಯಾ ಅಕ್ಕಾ? ನನ್ನೊಬ್ಬನ ಕುತ್ತಿಗೆಗೋಸ್ಕರ ಕೊಟ್ಟೇಬಿಟ್ಯಾ?"

"ಕೊಟ್ನೋ ಇಲ್ವೋ ನಂಗೂ ಗೊತ್ತಿಲ್ಲ ಕಣೋ!"

"ಅಂದ್ರೆ?"

"ಯಾವ್ದು ಯಾವ್ದು ಅಂತ ಪರೀಕ್ಷೆ ಮಾಡೋರಿಗೆ ಗೊತ್ತಿರಬಾರ್ದು. ಗೊತ್ತಿದ್ರೆ ಕಣ್ಣು ತನಗೆ ಬೇಕಾದ್ದನ್ನೇ ನೋಡತ್ತೆ. ನಂಬರ್ ಪಟ್ಟಿ ಅಸಿಸ್ಟೆಂಟ್ ಹತ್ರ ಇದೆ, ಅವಳು ರಜದಲ್ಲಿದ್ದಾಳೆ. ನಾನು ಬಾಯಿಗೆ ಬಂದಿದ್ದು ಹೇಳ್ದೆ!"



"ಈಗೇನು ಗತಿ?"

"ಚಳೀನೇ ಹೇಳತ್ತೆ. ಎರಡು ಗಂಟೇಲಿ ಎಲೆ ಜೋತುಬಿದ್ರೆ ನಾನು ಹಾಳಾದೆ. ಬಾಯ್ಮುಚ್ಕೊಂಡು ನೋಡು."

ನೋಡಿದೆ. ಹಲ್ಲು ಕಟಕಟ... ಬಾಗಿಲು ಬಡಿದು ಬಡಿದು ಕೈ ಊದಿತು. ಒಂದು ಗಂಟೆ ಕಳೆಯಿತು. ಒಂದು ಎಲೆ ಅಲುಗಿತು! ಅಕ್ಕ ನನ್ನ ತೋಳನ್ನು ಹಿಂಡಿದಳು.

ಫ್ಯಾನಿನ ಗಾಳಿ. ಅಷ್ಟೆ.

ಒಳಗೆ ಬಂದು ಎರಡು ಗಂಟೆ ಹತ್ತು ನಿಮಿಷ ಕಳೆದ ಮೇಲೆ ಕಸ ಗುಡಿಸುವಾಕೆ ಬಂದು ಬಾಗಿಲು ತೆಗೆದಳು. ಒಂದು ಎಲೆಯೂ ಜೋತುಬಿದ್ದಿರಲಿಲ್ಲ!

"ನಮ್ದೇ ಕಣೋ! ನಮ್ದೇ!" ಅಕ್ಕ ಟ್ರೇಯನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು. ನಾನೂ ಅತ್ತೆ, ನಿಮ್ಮ ಹತ್ತಿರ ಮುಚ್ಚುಮರೆ ಏನು?

ಆಮೇಲೆ ಹೊಳೆಯಿತು. ಅವನು ಒಯ್ದ ಟ್ರೇ ಕೆಲಸಕ್ಕೆ ಬಾರದ್ದು. ಅಂದರೆ ಬೋಳುತಲೆ ಬಂದೇ ಬರುತ್ತಾನೆ!

ಬರಲಿ... ಆ ಸರಳು ಈಗ ನನ್ನ ಕೈಯಲ್ಲಿದೆ. ಕೋಲ್ಡ್ ರೂಮೂ ಖಾಲಿ ಇದೆ!