ಕನ್ನಡಿ ಅಂಗಡಿಯ ಪಕ್ಕದ ಗೆರೆ

ಬೀದಿಯವರಿಗೆ ಆ ಯೋಜನೆಯ ಖರ್ಚೆಂದರೆ ಒಂದು ಚೀಲ ಸುಣ್ಣದ ಪುಡಿ, ಅವರಿವರ ಮನೆಯಿಂದ ತಂದ ಕುರ್ಚಿಗಳು, ಒಂದಿಷ್ಟು ಸಂಜೆಗಳು. ಕನ್ನಡಿಯವನಿಗೆ ಅದರ ಬೆಲೆ ಅವನ ಅಂಗಡಿ.

ಅರ್ಧಕ್ಕರ್ಧ ಬಾಗಿಲು ಮುಚ್ಚಿದ್ದ ಆ ಅಂಗಡಿಬೀದಿಯನ್ನು ಮೇಲಿನವರು ಬಂದು ಉದ್ಧಾರ ಮಾಡುತ್ತಾರೆಂದು ಕಾದು ಸಾಕಾಗಿ ಜನರೇ ಕೈ ಹಾಕಿದ್ದರು. ಮುಂದಾಳು, ಕೆಲಸದಿಂದ ನಿವೃತ್ತರಾದ ಟೀಚರಮ್ಮ. ಅವರದು ಒಂದೇ ಪಾಠ: ಮೊದಲು ಸುಣ್ಣ, ಆಮೇಲೆ ಕಲ್ಲು. ಹೊಸ ದಾರಿ ಬೇಕೆಂದರೆ ನೆಲದ ಮೇಲೆ ಗೆರೆ ಹಾಕಿ ನಡೆದು ನೋಡುವುದು, ಜನಕ್ಕೆ ಒಗ್ಗಿದರೆ ಮಾತ್ರ ಕಟ್ಟುವುದು. ಈ ಸಲದ ಗೆರೆ ಬೀದಿಯ ಕೊನೆಗೆ ಬಂದು, ಕನ್ನಡಿ ಅಂಗಡಿಯ ಪಕ್ಕದ ಓಣಿ ಹಾದು ಬಸ್ ನಿಲ್ದಾಣ ಮುಟ್ಟುತ್ತಿತ್ತು. ಅದು ಒಗ್ಗಿದರೆ ಓಣಿ ಅಗಲವಾಗಬೇಕು. ಅಂಗಡಿ ನಿಂತದ್ದು ಊರಿನ ಜಾಗದಲ್ಲಿ, ಅಪ್ಪನ ಕಾಲದ ಬಾಡಿಗೆಗೆ. ಎಬ್ಬಿಸುವುದು ಸುಲಭ.

"ಬೀದಿ ನಡುವೆ ಇನ್ನೂ ಒಳ್ಳೆ ಮಳಿಗೆ ಕೊಡಿಸ್ತೀವಿ ಕಣಪ್ಪಾ," ಎಂದಿದ್ದರು ಟೀಚರಮ್ಮ.

"ಹಲ್ಲು ಕಿತ್ತು ಬೇರೆ ಕಡೆ ನೆಟ್ರೆ ಅಗಿಯೋಕಾಗತ್ತಾ ಟೀಚರೇ?" ಎಂದು ಸಭೆಯಿಂದ ಎದ್ದುಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಟೀಚರಮ್ಮ ಒಬ್ಬರು ಇಲ್ಲವಾದರೆ ಉಳಿದವರು ದಾರ ಹರಿದ ಗಾಳಿಪಟ. ಆ ಯೋಚನೆ ಮೊದಲು ಕೋಪದಲ್ಲಿ ಬಂತು, ಆಮೇಲೆ ಮನಸ್ಸಿನಲ್ಲಿ ಮನೆ ಮಾಡಿತು.

ಓಣಿಯಲ್ಲಿ, ಗಾಜಿನ ಹಾಳೆಗಳನ್ನು ನೆಲಮಾಳಿಗೆಗೆ ಇಳಿಸಲೆಂದು ತೆಗೆದ ಒಂದು ಬಾಯಿ ಇತ್ತು. ಮೇಲೆ ಮರದ ಮುಚ್ಚಳ. ಮುಚ್ಚಳವನ್ನು ಹೊತ್ತದ್ದು ಅಡಿಯಲ್ಲಿದ್ದ ಒಂದು ಕಬ್ಬಿಣದ ಪಟ್ಟಿ. ಕೆಳಗೆ ಅಪ್ಪ ಅಂಚು ಮೇಲಾಗಿ ನಿಲ್ಲಿಸಿಹೋದ ಒಡಕು ಕನ್ನಡಿಗಳು. ದೀಪ ಹಿಡಿದು ಇಳಿದಾಗಲೆಲ್ಲ ತನ್ನದಲ್ಲದ ಮುಖವೊಂದು ಆ ಚೂರುಗಳಲ್ಲಿ ತನ್ನ ಜೊತೆ ತಿರುಗಿದಂತೆ ಅವನಿಗೆ ಅನಿಸುತ್ತಿತ್ತು. ಚಿಕ್ಕಂದಿನಲ್ಲಿ ಅಲ್ಲಿ ಹೆದರಿ ಅತ್ತಾಗ ಅಕ್ಕ ಮೇಲಿನಿಂದ ಕೈ ಚಾಚಿ ಎತ್ತಿಕೊಂಡಿದ್ದಳು.

ಅವನಿಗೆ ಅಪ್ಪ ಅಮ್ಮ ಎಲ್ಲ ಆಮೇಲೆ ಆ ಅಕ್ಕನೇ ಆದಳು. ಈಗ ಅವಳ ಕಣ್ಣಿಗೆ ಮಂಜು ಕವಿದಿತ್ತು. ಕೋಲಿಲ್ಲದೆ ಹೊಸಿಲು ದಾಟುತ್ತಿರಲಿಲ್ಲ. ಅವಳು ಎಡವದಿರಲೆಂದು ಮನೆಯ ಮೆಟ್ಟಿಲುಗಳ ಅಂಚಿಗೆಲ್ಲ ಅವನೇ ಬಣ್ಣ ಬಳಿದಿದ್ದ.

ಇದುವರೆಗೆ ಹಾಕಿದ ಪ್ರತಿ ಗೆರೆಯ ಮೇಲೂ ಬೆಳಿಗ್ಗೆ ಮೊದಲು ನಡೆದವರು ಟೀಚರಮ್ಮನೇ. ಕಣ್ಣು ಮೇಲಿನ ಮಹಡಿಗಳ ಕಡೆ, ಕಾಲು ಗೆರೆಯ ಮೇಲೆ. ಕೆಳಗೆ ನೋಡುವ ಅಭ್ಯಾಸವೇ ಅವರಿಗಿಲ್ಲ. ಗೆರೆ ಎಲ್ಲಿಗೆ ಹೋದರೆ ಅವರೂ ಅಲ್ಲಿಗೆ. ಈ ಸಲ ಅದು ಮುಚ್ಚಳದಿಂದ ಒಂದು ಮೊಳ ಆಚೆಗಿತ್ತು. ಒಂದು ಮೊಳ ಸರಿದರೆ ಸಾಕು.

ಮೊದಲ ನಡಿಗೆಯ ಹಿಂದಿನ ಸಂಜೆ ಕೊನೆಯ ಸಭೆ. ಬೀದಿಗೆ ಬೀದಿಯೇ ಅಲ್ಲಿತ್ತು. ಪಕ್ಕದ ಮನೆಯವಳ ಕೈ ಹಿಡಿದು ಅಕ್ಕನೂ ಹೋಗಿದ್ದಳು. ಅವನು ಪೊರಕೆ ತಂದು ಗೆರೆ ಗುಡಿಸಿದ, ಮುಚ್ಚಳದ ಮೇಲೆ ಹಾಯುವಂತೆ ಮತ್ತೆ ಸುರಿದ. ಅಂಗೈ ಅಗಲದ ಗೆರೆ. ಎಮ್ಮೆಗೂ ಕಾಣಲಿ ಎಂದು ಎಳೆದಿದ್ದಾರೆ ಎಂದು ನಗು ಬಂತು. ಆಮೇಲೆ ಕೆಳಗಿಳಿದು ಕಬ್ಬಿಣದ ಪಟ್ಟಿ ಕಳಚಿದ. ಬೆಕ್ಕು ನಡೆದರೆ ಮುಚ್ಚಳ ತಡೆದೀತು, ಮನುಷ್ಯರು ನಡೆದರೆ ಇಲ್ಲ. ಹಳೇ ಮರ, ವಯಸ್ಸಾದ ಕಾಲು ಎನ್ನುತ್ತಾರೆ. ಹತ್ತಾರು ಕೈ ಎಳೆದ ಗೆರೆಗೆ ಯಾವ ಕೈಯೂ ಸಾಕ್ಷಿಯಲ್ಲ.

ಊಟಕ್ಕೆ ಕೂತಾಗ ಅಕ್ಕನ ಮುಖ ಅರಳಿತ್ತು.

"ಇವತ್ತು ಸಭೇಲಿ ಏನಾಯ್ತು ಗೊತ್ತೇನೋ?"

"ಆ ಸಭೆ ಸುದ್ದಿ ಈ ಮನೇಲಿ ಬೇಡ ಅಂದಿದ್ದೆ ಅಲ್ವಾ ಅಕ್ಕ?"

"ಆಯ್ತಪ್ಪ ದೊರೆ. ಬಾಯಿಗೆ ಬೀಗ ಹಾಕ್ಕೊಂಡೆ."

ಬೆಳಿಗ್ಗೆ ಹೊರಡುವಾಗ ಅವಳ ಕೋಣೆಯ ಬಾಗಿಲು ಮುಂದೆ ಮಾಡಿತ್ತು, ಕೋಲು ಗೋಡೆಗೆ ಒರಗಿತ್ತು. ಮಲಗಿರಲಿ ಎಂದು ಹೆಜ್ಜೆ ಸಪ್ಪಳ ಮಾಡದೆ ಇಳಿದ.

ಅಂಗಡಿಯೊಳಗೆ, ಓಣಿ ಕಾಣುವಂತೆ ಮೊದಲೇ ತೂಗುಹಾಕಿದ್ದ ಕನ್ನಡಿಯ ಮುಂದೆ ಕಳ್ಳನಂತೆ ನಿಂತ. ಕನ್ನಡಿಯಲ್ಲಿ ಜನ ಬಂದರು. ಟೀಚರಮ್ಮ ಬಂದರು. ಆದರೆ ಅವರು ನಡೆಯಲಿಲ್ಲ. ಓಣಿಯ ಬಾಯಲ್ಲಿ ಪಕ್ಕಕ್ಕೆ ಸರಿದು ಯಾರಿಗೋ ದಾರಿ ಬಿಟ್ಟರು. ಬರಿಗೈಯಲ್ಲಿ, ತಲೆ ಬಗ್ಗಿಸಿ, ಗೆರೆಯನ್ನೇ ನೋಡುತ್ತ ಅಕ್ಕ ಬರುತ್ತಿದ್ದಳು.

"ಅಕ್ಕಾ, ನಿಲ್ಲು," ಎಂದು ಕೂಗುತ್ತ ಅವನು ಬಾಗಿಲಿಗೆ ಓಡಿದ.

ದನಿ ಕೇಳಿ ಅವಳ ಮುಖ ಎದ್ದಿತು. ತಮ್ಮ ಕೊನೆಗೂ ಬಂದನಲ್ಲ ಎಂದು ಹಿಗ್ಗಿದಳು. "ನೋಡೋ, ಕೋಲಿಲ್ಲದೆ ಬರ್ತಿದೀನಿ," ಎಂದು ಹೆಜ್ಜೆ ಚುರುಕು ಮಾಡಿದಳು. ಅವನ ಕೈ ಚಾಚಿಯೇ ಇತ್ತು. ಮುಚ್ಚಳ ಮುರಿದ ಸದ್ದಿನ ಹಿಂದೆಯೇ ಗಾಜಿನ ಸದ್ದು ಬಂತು.

ಹೆಣದ ಪಕ್ಕ ಕೂತು ಟೀಚರಮ್ಮ ಅವನ ಕೈ ಹಿಡಿದುಕೊಂಡರು. ನಡೆಯೋಕೆ ಯಾರಿಗೆ ಹೆಚ್ಚು ಕಷ್ಟವೋ ಮೊದಲ ನಡಿಗೆ ಅವರದೇ ಎಂದು ಕೊನೆಯ ಸಭೆಯಲ್ಲಿ ಎಲ್ಲರೂ ಒಪ್ಪಿದ್ದರಂತೆ. "ಅವಳಿಗೆ ಬಿಳಿ ಬಣ್ಣ ಮಾತ್ರ ಕಾಣತ್ತೆ ಅಂತ ನಮಗೆ ಗೊತ್ತಾಗಿದ್ದೇ ನಿನ್ನಿಂದ. ನಿಮ್ಮನೆ ಮೆಟ್ಟಿಲಿಗೆ ನೀನು ಬಳಿದ ಬಿಳಿ ಪಟ್ಟಿ ನೋಡೇ ಗೆರೆ ಅಷ್ಟು ದಪ್ಪ ಎಳೆದ್ವಿ," ಎಂದರು. ಅವನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಯೋಜನೆ ಅಲ್ಲಿಗೇ ನಿಂತಿತು. ಅಂಗಡಿ ಉಳಿಯಿತು. ಅಕ್ಕ ಉಳಿಯಲಿಲ್ಲ.