ಹನ್ನೆರಡನೇ ಮನೆಯ ಸದ್ದು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರು ಕೇಳಿ ದಫೇದಾರರು ಬರೆಯುತ್ತಿದ್ದ ಪೆನ್ನನ್ನೇ ಕೆಳಗಿಟ್ಟರು.

"ಏನಮ್ಮ ಕಳವಾಗಿರೋದು?"

"ನನ್ನ ಗಿಟಾರಿನ ಸದ್ದು ಸಾರ್."

ಹುಡುಗಿಯ ಹೆಗಲಿನ ಚೀಲದಲ್ಲಿ ಗಿಟಾರು ಭದ್ರವಾಗಿಯೇ ಇತ್ತು. ದಫೇದಾರರು ಅದನ್ನೊಮ್ಮೆ ನೋಡಿ, ಅವಳನ್ನೊಮ್ಮೆ ನೋಡಿ, ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ಸದ್ದಿಗೆ ಯಾವ ಸೆಕ್ಷನ್ ಹಾಕ್ಲಿ ಸಾರ್?"

ಇನ್ಸ್‌ಪೆಕ್ಟರಿಗೂ ಸಂಗೀತಕ್ಕೂ ಎಣ್ಣೆ ಸೀಗೇಕಾಯಿ. ಅವರು ಬಚ್ಚಲಲ್ಲಿ ಗುನುಗಿದರೂ ಹೆಂಡತಿ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರು. ಆದರೆ ಅಳು ನುಂಗಿಕೊಂಡು ನಿಂತವರನ್ನು ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ. ಕುರ್ಚಿ ಹಾಕಿಸಿ, ನೀರು ಕೊಡಿಸಿ, "ನಿಧಾನಕ್ಕೆ ಹೇಳಮ್ಮ. ನನಗೆ ಏನೇನೂ ಗೊತ್ತಿಲ್ಲ ಅಂದ್ಕೊಂಡೇ ಹೇಳು," ಎಂದರು.

ಅವಳು ಹೇಳಿದಳು. ಕಳವಾದದ್ದು ಒಂದು ಎಫೆಕ್ಟ್ಸ್ ಪ್ರೊಸೆಸರ್. ಎರಡು ಬೆರಳು ದಪ್ಪ, ಮೊಳದಷ್ಟು ಅಗಲದ ಕಪ್ಪು ಡಬ್ಬಿ. ಎರಡೂ ಕಡೆ ಕಿವಿಗಳಿದ್ದು, ರ‍್ಯಾಕ್ ಎನ್ನುವ ಕಬ್ಬಿಣದ ಚೌಕಟ್ಟಿಗೆ ತಿರುಪು ಮೊಳೆ ಹಾಕಿ ಬಿಗಿಯುತ್ತಾರೆ. ಗಿಟಾರಿನ ಸದ್ದು ಒಂದು ಕಡೆಯಿಂದ ಬೋಳಾಗಿ ಒಳಗೆ ಹೋಗಿ, ಇನ್ನೊಂದು ಕಡೆಯಿಂದ ಗುಹೆಯಲ್ಲಿ ನುಡಿಸಿದಂತೆಯೋ ನೀರಿನಡಿ ನುಡಿಸಿದಂತೆಯೋ ಬದಲಾಗಿ ಬರುತ್ತದೆ.

"ಅದರಲ್ಲಿ ನೂರಾರು ಮನೆ ಇವೆ ಸಾರ್. ನಾವು ಕಟ್ಟಿದ ಸದ್ದನ್ನ ಒಂದೊಂದು ಮನೇಲಿ ಕೂಡಿಡಬೋದು. ಹನ್ನೆರಡನೇ ಮನೇದು ನಾನು ಕಟ್ಟಿದ್ದು, ಮೂರು ತಿಂಗಳು ಕೂತು. ಶನಿವಾರ ನನ್ನ ಮೊದಲನೇ ಹಾಡಿನ ರೆಕಾರ್ಡಿಂಗ್. ಆ ಸದ್ದು ಬೇರೆಲ್ಲೂ ಇಲ್ಲ."

"ಮತ್ತೆ ಕಟ್ಟೋಕೆ ಆಗಲ್ವಾ?"

"ನಿಮ್ಮಮ್ಮ ಮಾಡಿದ ಸಾರು ನೀವು ಮತ್ತೆ ಮಾಡ್ತೀರಾ ಸಾರ್?"

ದಫೇದಾರರು ಕೆಮ್ಮಿದರು. ಇನ್ಸ್‌ಪೆಕ್ಟರಿಗೆ ವಿಷಯ ಅರ್ಥವಾಗಿಹೋಯಿತು. ಎಫ್‌ಐಆರ್ ದಾಖಲಾಯಿತು.

ಹನ್ನೊಂದೂವರೆಗೆ ಅವರು ಹುಡುಗಿಯ ಸಂಗೀತ ತಂಡದ ಅಭ್ಯಾಸದ ಕೋಣೆಗೆ ಹೋದರು. ತಂಡದ ಇನ್ನಿಬ್ಬರೂ ಅಲ್ಲಿ ಕಾಯುತ್ತಿದ್ದರು. ಹೊಲಿಗೆ ಅಂಗಡಿಯ ಹಿಂಬದಿಯಲ್ಲಿ ಒಂದೇ ಕಿಟಕಿಯ ಕೋಣೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದಿದ್ದರು. ಬೀಗ ಒಡೆದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ. ದರ್ಜಿಯನ್ನೂ ಎದುರಿನ ಸೈಕಲ್ ರಿಪೇರಿಯವನನ್ನೂ ಪಂಚರಾಗಿ ಕರೆದು ಪಂಚನಾಮೆ ಶುರುಮಾಡಿದರು.

ರ‍್ಯಾಕಿನ ನಡುವೆ ಖಾಲಿ ಜಾಗ ಬಾಯಿ ತೆರೆದಿತ್ತು. ಆದರೆ ಡಬ್ಬಿಯ ನಾಲ್ಕೂ ಮೊಳೆಗಳನ್ನು ಕಳ್ಳ ಮತ್ತೆ ಅದೇ ತೂತುಗಳಿಗೆ ತಿರುಗಿಸಿ ಇಟ್ಟುಹೋಗಿದ್ದ. ಡಬ್ಬಿಯಿಂದ ಬಿಚ್ಚಿದ ಕೇಬಲ್ ತಂತಿಗಳನ್ನು ಒಂದೇ ಅಳತೆಯ ಸುರುಳಿ ಮಾಡಿ, ಟೇಪಿನಿಂದ ಕಟ್ಟಿ, ಸಾಲಾಗಿ ಜೋಡಿಸಿದ್ದ. ಕಾಲಲ್ಲಿ ಒತ್ತಿ ಮನೆ ಬದಲಿಸುವ ಹಲಗೆ, ಪಕ್ಕದ ಮೈಕು, ಹೊಸ ಸ್ಪೀಕರು, ಯಾವುದನ್ನೂ ಮುಟ್ಟಿರಲಿಲ್ಲ.

"ನಮ್ಮನೇಗೂ ಇಂಥ ಕಳ್ಳ ಒಬ್ಬ ಬಂದು ಹೋದ್ರೆ ಚೆನ್ನಾಗಿತ್ತು ಸಾರ್," ಎಂದರು ದಫೇದಾರರು. "ಮನೆ ಒಪ್ಪ ಮಾಡಿ ಹೋಗಿದಾನೆ."

"ಮಾರೋಕೆ ಕದ್ದವನಲ್ಲ," ಎಂದರು ಇನ್ಸ್‌ಪೆಕ್ಟರ್. "ಮಾರೋನು ಸ್ಪೀಕರ್ ಬಿಡ್ತಿರಲಿಲ್ಲ. ಇವನಿಗೆ ಈ ಡಬ್ಬಿ ಮೇಲೆ ಪ್ರೀತಿ ಇದೆ."

ಅವರು ಒಂದು ಸುರುಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಂದು ಬಣ್ಣದ, ಪಾರ್ಸೆಲ್ ಅಂಟಿಸುವ ಅಗಲದ ಟೇಪು. ಅದರ ತುದಿ ಕತ್ತರಿಯಿಂದ ಕತ್ತರಿಸಿದಂತೆ ನೇರವಾಗಿರಲಿಲ್ಲ, ಕೈಯಿಂದ ಹರಿದಂತೆ ಓರೆಯಾಗಿಯೂ ಇರಲಿಲ್ಲ. ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳಿದ್ದವು. ಎಲ್ಲ ಸುರುಳಿಗಳಲ್ಲೂ ಹಾಗೆಯೇ.

"ಬೀಗದಕೈ ಯಾರ್ಯಾರ ಹತ್ರ ಇದೆ?"

"ನಮ್ಮ ಮೂವರ ಹತ್ರ," ಎಂದ ಡ್ರಮ್ ಬಾರಿಸುವವನು. ತಂಡ ಕಟ್ಟಿದವನು ಅವನೇ. ಮೂರನೆಯವನು ಕೀಬೋರ್ಡಿನವನು.

ಇನ್ಸ್‌ಪೆಕ್ಟರ್ ದರ್ಜಿಯನ್ನು ಕಳಿಸಿ ಅಂಥದೇ ಪಾರ್ಸೆಲ್ ಟೇಪಿನ ಒಂದು ಉಂಡೆ ತರಿಸಿದರು. ಒಬ್ಬೊಬ್ಬರ ಕೈಗೂ ಒಂದೊಂದು ತಂತಿ ಕೊಟ್ಟು, ಸುತ್ತಿ ಕಟ್ಟಿ ಎಂದರು. ಹುಡುಗಿ ಮೊಣಕೈಗೆ ನೂಲು ಸುತ್ತಿದಂತೆ ಸುತ್ತಿ ಟೇಪನ್ನು ಕೈಯಲ್ಲೇ ಹರಿದಳು. ಕೀಬೋರ್ಡಿನವನು ಗಂಟಿನ ಮೇಲೆ ಗಂಟು ಹಾಕಿ ಎಲ್ಲರನ್ನೂ ನಗಿಸಿದ. ಡ್ರಮ್ಮಿನವನ ಸರದಿ ಬಂದಾಗ ಅವನು ತಂತಿ ಹಿಡಿದು ಸುಮ್ಮನೆ ನಿಂತ.

"ಯಾಕಪ್ಪ?"

"ನಾನಲ್ಲ ಸಾರ್."

"ನೀನು ಅಂತ ಯಾರಂದ್ರು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀಯಲ್ಲ," ಎಂದರು ದಫೇದಾರರು.

ಅವನು ಹುಡುಗಿಯ ಮುಖ ನೋಡಲಾರದೆ ಗೋಡೆಯ ಹಾಸಿಗೆಗೆ ಹೇಳಿದ. "ಟೇಪನ್ನ ಹಲ್ಲಲ್ಲಿ ಹರಿಯೋದು ನಮ್ಮ ತಿರುಪಣ್ಣ ಒಬ್ಬನೇ ಸಾರ್. ಬಂದ ತಕ್ಷಣ ಗೊತ್ತಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ. ಅವನ ಹತ್ರ ಇದ್ದ ಬೀಗದಕೈ ನಾವ್ಯಾರೂ ವಾಪಸ್ ಕೇಳಿರ್ಲಿಲ್ಲ."

ತಿರುಪಣ್ಣ ಈ ತಂಡದ ಹಳೆಯ ಗಿಟಾರಿನವನು. ಡಬ್ಬಿಯ ಒಂದು ಗುಂಡಿ ತಿರುಪುತ್ತ ಅರ್ಧ ದಿನ ಕೂರುತ್ತಿದ್ದನೆಂದು ಆ ಹೆಸರು. ಹೊಟ್ಟೆಪಾಡಿಗೆ ಮುದ್ರಣಾಲಯದಲ್ಲಿ ಕೆಲಸ. ಹೋದ ವರ್ಷ ಅಲ್ಲಿನ ಯಂತ್ರಕ್ಕೆ ಎಡಗೈ ಸಿಕ್ಕಿ ಎರಡು ಬೆರಳು ಮಡಿಸಲು ಬಾರದಂತಾದವು. ಡಬ್ಬಿ ಅವನದೇ. ತಂಡ ಬಿಡುವ ದಿನ ಈ ಹುಡುಗಿಗೆ ಕೊಟ್ಟುಹೋಗಿದ್ದ.

"ಅವರೇ ಕೊಟ್ಟಿದ್ದಲ್ವಾ?" ಎಂದಳು ಹುಡುಗಿ. "ಒಂದು ಮಾತು ಕೇಳಿದ್ರೆ ನಾನೇ ಹೊತ್ಕೊಂಡು ಹೋಗಿ ಕೊಡ್ತಿದ್ದೆ."

ಬುಧವಾರ ಮಧ್ಯಾಹ್ನ ಇನ್ಸ್‌ಪೆಕ್ಟರ್ ಮುದ್ರಣಾಲಯಕ್ಕೆ ಹೋದರು. ಅಂಗಳದಲ್ಲಿ ಶಾಯಿ ವಾಸನೆ. ಪಾರ್ಸೆಲ್ ವಿಭಾಗದಲ್ಲಿ ನಲವತ್ತು ದಾಟಿದ ಒಬ್ಬಾತ ಪುಸ್ತಕದ ಕಟ್ಟುಗಳಿಗೆ ಟೇಪು ಹಾಕುತ್ತಿದ್ದ. ಬಲಗೈಯಲ್ಲಿ ಟೇಪು ಎಳೆಯುತ್ತಿದ್ದ, ಎಡಗೈಯ ಬುಡದಿಂದ ಕಟ್ಟನ್ನು ಒತ್ತಿ ಹಿಡಿಯುತ್ತಿದ್ದ, ಬಾಗಿ ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದ. ಇನ್ಸ್‌ಪೆಕ್ಟರ್ ಮೂರು ಕಟ್ಟು ಮುಗಿಯುವತನಕ ನಿಂತು ನೋಡಿದರು.

"ಆ ಟೇಪು ಒಂದು ತುಂಡು ಕೊಡ್ತೀಯಾ?"

ಆತ ತಲೆಯೆತ್ತಿ ಸಮವಸ್ತ್ರ ನೋಡಿದ. ಟೇಪು ಹರಿದು ಕೊಟ್ಟ. ಆಮೇಲೆ ಕೇಳಿದ, "ಇನ್ನು ಹತ್ತು ಕಟ್ಟು ಇದೆ ಸಾರ್. ಮುಗಿಸಿ ಬರ್ಲಾ?"

"ಮುಗಿಸು," ಎಂದರು ಇನ್ಸ್‌ಪೆಕ್ಟರ್. ದಫೇದಾರರು ಬಾಗಿಲಲ್ಲಿ ಹುಬ್ಬು ಹಾರಿಸಿದರು.

ತಿರುಪಣ್ಣನ ಮನೆಯೆಂದರೆ ಇಸ್ತ್ರಿ ಅಂಗಡಿಯ ಮೇಲಿನ ಒಂದು ಕೋಣೆ. ಡಬ್ಬಿ ಮಂಚದ ಮೇಲೆ, ಒಗೆದ ಟವೆಲಿನ ಕೆಳಗೆ ಮಲಗಿತ್ತು. ತಾನು ನೆಲದ ಮೇಲೆ ಚಾಪೆ ಹಾಸಿಕೊಂಡಿದ್ದ. ಮೂಲೆಯಲ್ಲಿ ಒಂದು ಹಳೆಯ ಗಿಟಾರು, ಪಕ್ಕದಲ್ಲಿ ಹೆಡ್‌ಫೋನು. ಇಸ್ತ್ರಿಯವನನ್ನೂ ಅವನ ಅಳಿಯನನ್ನೂ ಪಂಚರಾಗಿ ಕರೆದು ಮಾಲು ಜಪ್ತಿ ಮಾಡಿದರು.

ಸಂಜೆ ಐದಕ್ಕೆ ಠಾಣೆಯಲ್ಲಿ ಮಾಲು ಗುರುತಿಸಲು ಹುಡುಗಿಯನ್ನು ಕರೆಸಲಾಯಿತು. ಜೊತೆಗೆ ಡ್ರಮ್ಮಿನವನೂ ಬಂದ. ಸಣ್ಣ ಸ್ಪೀಕರೊಂದನ್ನು ದಫೇದಾರರ ಮೇಜಿನ ಮೇಲಿಟ್ಟು ತಂತಿ ಜೋಡಿಸಿದ. ಎದುರಿನ ಬೆಂಚಿನಲ್ಲಿ ತಿರುಪಣ್ಣ ತಲೆ ತಗ್ಗಿಸಿ ಕೂತಿದ್ದ.

"ಕೇಳ್ಬೋದಿತ್ತಲ್ಲಯ್ಯ?" ಎಂದರು ಇನ್ಸ್‌ಪೆಕ್ಟರ್.

"ಹೇಗೆ ಕೇಳ್ಲಿ ಸಾರ್? ಎಲ್ಲರೆದುರಿಗೆ ನಾನೇ ಕೊಟ್ಟಿದ್ದು. 'ತಗೋಮ್ಮ, ಇನ್ಮೇಲೆ ನಿಂದು, ಏನು ಬೇಕಾದ್ರೂ ಮಾಡ್ಕೋ' ಅಂದಿದ್ದೆ. ಎಲ್ಲ ಚಪ್ಪಾಳೆ ತಟ್ಟಿದ್ರು. ಚಪ್ಪಾಳೆ ತಟ್ಟಿಸ್ಕೊಂಡು ಕೊಟ್ಟಿದ್ದನ್ನ ಯಾವ ಮುಖ ಇಟ್ಕೊಂಡು ವಾಪಸ್ ಕೇಳ್ಲಿ?"

"ಕೊಟ್ಟೋನು ಕೋಡಂಗಿ ಅಂತ ಸುಮ್ನೆ ಹೇಳಿದ್ದಾರಾ," ಎಂದು ದಫೇದಾರರು ಗೊಣಗಿದರು.

"ಕೈ ಹೋಯ್ತು ಸಾರ್. ಆದ್ರೂ ನಾನು ಕಟ್ಟಿದ ಸದ್ದೆಲ್ಲ ಅದರೊಳಗಿದೆ, ಇವಳು ನುಡಿಸಿದಾಗಲೆಲ್ಲ ನಂದೂ ಕೇಳ್ಸುತ್ತೆ ಅಂತ ಸಮಾಧಾನ ಇತ್ತು. ಹೋದ ತಿಂಗಳು ಪಾರ್ಕಲ್ಲಿ ಇವರ ಕಾರ್ಯಕ್ರಮ. ಹಿಂದೆ ನಿಂತ್ಕೊಂಡು ಕೇಳ್ದೆ. ಹನ್ನೆರಡನೇ ಮನೆ ಒತ್ತಿದ್ಲು. ಬೇರೆ ಸದ್ದು ಬಂತು. ನನ್ನ ಸದ್ದು ಅಳಿಸಿ ಹಾಕಿದ್ಲು ಸಾರ್. ಹೀಗೇ ಒಂದೊಂದೇ ಮನೆ ಖಾಲಿಯಾದ್ರೆ ನಾನು ಎಲ್ಲಿರ್ತೀನಿ?"

ಹುಡುಗಿಯ ಕೈ ಗಿಟಾರಿನ ಮೇಲೆ ನಿಂತುಬಿಟ್ಟಿತು. "ಹನ್ನೆರಡು ಕಾಲಿಗೆ ಬೇಗ ಸಿಗುತ್ತೆ ಅಂತ ತಗೊಂಡೆ ಅಣ್ಣ. ಅಲ್ಲಿದ್ದಿದ್ದು ನಿಮ್ಮದು ಅಂತ ಗೊತ್ತೇ ಇರ್ಲಿಲ್ಲ." ಆಮೇಲೆ, ಕೇಳಲು ಹೆದರಿಕೊಂಡೇ ಕೇಳಿದಳು. "ನಂದನ್ನ ಅಳಿಸಿದ್ರಾ?"

ಅವನು ಡಬ್ಬಿಯತ್ತ ಕೈ ತೋರಿಸಿದ.

"ನುಡಿಸಿ ನೋಡಮ್ಮ," ಎಂದರು ಇನ್ಸ್‌ಪೆಕ್ಟರ್.

ಅವಳು ಹನ್ನೆರಡು ಒತ್ತಿ ತಂತಿ ಮೀಟಿದಳು. ಠಾಣೆಯ ಸುಣ್ಣದ ಗೋಡೆಗಳ ನಡುವೆ ಸದ್ದು ಎದ್ದು, ಅಗಲವಾಗಿ, ಬೆಚ್ಚಗೆ ಹರಡಿ, ನಿಧಾನವಾಗಿ ಆರಿತು. ಸಂಗೀತ ತಿಳಿಯದ ಇನ್ಸ್‌ಪೆಕ್ಟರಿಗೂ ಆರುವುದು ಬೇಡ ಅನ್ನಿಸಿತು. ಹುಡುಗಿ ಮತ್ತೊಮ್ಮೆ ಮೀಟಿ, ಸ್ಪೀಕರಿಗೆ ಕಿವಿ ಹಚ್ಚಿದಳು.

"ಇದು ನಂದೇ. ಆದ್ರೆ ಕೊನೇಲಿ ಉಸ್ ಅಂತಿತ್ತು, ಎಷ್ಟು ಒದ್ದಾಡಿದ್ರೂ ಹೋಗಿರ್ಲಿಲ್ಲ. ಈಗ ಇಲ್ಲ!"

"ಅಳಿಸೋಕೆ ಅಂತಲೇ ಕೂತೆ," ಎಂದ ತಿರುಪಣ್ಣ. "ಬರೀ ಬಲಗೈಲಿ ತಂತಿ ಮೀಟಿ ಕೇಳ್ದೆ. ಎಷ್ಟು ಚೆನ್ನಾಗಿ ಕಟ್ಟಿದೀಯಮ್ಮ! ಹಾಗೆ ಕಟ್ಬೋದು ಅಂತ ನನಗೆ ಹೊಳೆದೇ ಇರ್ಲಿಲ್ಲ. ಉಸ್ ಅನ್ನೋದೊಂದು ಕಿವಿಗೆ ಚುಚ್ಚುತಿತ್ತು, ತೆಗೆದೆ. ನಂದನ್ನ ನೆನಪಿಂದ ಮತ್ತೆ ಕಟ್ಟಿ ಕಟ್ಟಕಡೇ ಮನೇಲಿ ಇಟ್ಟೆ. ಅಲ್ಲಿಗೆ ಯಾರೂ ಹೋಗಲ್ಲ."

ಅವಳು ಡಬ್ಬಿಯ ಕಟ್ಟಕಡೆಯ ಮನೆ ಒತ್ತಿದಳು. ಮೀಟಿದಳು. ಡ್ರಮ್ಮಿನವನು ಕಣ್ಣೊರೆಸಿಕೊಳ್ಳಲು ಹೊರಗೆ ಹೋದ.

"ನನಗೆ ದೂರು ಬೇಡ ಸಾರ್," ಎಂದಳು ಹುಡುಗಿ.

"ಬೇಡ ಅಂದ ಮಾತ್ರಕ್ಕೆ ನಾನು ಹರಿದು ಹಾಕೋಕಾಗಲ್ಲಮ್ಮ. ಬೀಗ ತೆಗೆದು ಒಳಗೆ ಹೋಗಿದಾನೆ, ಮಾಲು ಅವನ ಮನೇಲಿ ಸಿಕ್ಕಿದೆ. ನಾಳೆ ಕೋರ್ಟಲ್ಲಿ ಈ ಮಾತು ಹೇಳು. ಜಾಮೀನಿಗೂ ಡಬ್ಬಿ ನಿನಗೆ ಕೊಡೋದಕ್ಕೂ ನಮ್ಮ ತಕರಾರಿಲ್ಲ ಅಂತ ನಾನು ಬರ್ಕೊಡ್ತೀನಿ."

ಸಂಜೆ ಆರೂವರೆಗೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ದಫೇದಾರರು ದಸ್ತಗಿರಿಯ ಕಾಗದ ತುಂಬುತ್ತ ಕೇಳಿದರು. "ವಿಷಯ ಯಾರಿಗೆ ತಿಳಿಸ್ಬೇಕಪ್ಪ? ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ ಸಾರ್. ಖಾಲಿ ಬಿಡಿ."

"ನನ್ನ ಹೆಸರು ಬರ್ಕೊಳ್ಳಿ," ಎಂದಳು ಹುಡುಗಿ.

ದಫೇದಾರರ ಪೆನ್ನು ಆ ವಾರ ಎರಡನೇ ಸಲ ಕೆಳಗಿಳಿಯಿತು. "ದೂರು ಕೊಟ್ಟೋಳೇ ಕಳ್ಳನ ಕಡೆಯೋಳಾ? ನನ್ನ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ ಸಾರ್."

"ಆಗಬಾರದು ಅಂತ ಎಲ್ಲೂ ಇಲ್ಲ. ಬರೀರಿ," ಎಂದರು ಇನ್ಸ್‌ಪೆಕ್ಟರ್.

"ಸಂಬಂಧ ಏನು ಅಂತ ಬರೀಲಿ?"

ಅವಳು ತಿರುಪಣ್ಣನನ್ನು ನೋಡಿದಳು. "ಶಿಷ್ಯೆ ಅಂತ ಬರೀರಿ. ಶನಿವಾರ ರೆಕಾರ್ಡಿಂಗಲ್ಲಿ ಗುಂಡಿ ತಿರುಪೋಕೆ ಇವರು ಬರ್ತಾರೆ. ಎರಡು ಮನೆ ಸದ್ದೂ ಹಾಡಲ್ಲಿ ಇರುತ್ತೆ."

ತಿರುಪಣ್ಣ ಮಡಿಸಲಾಗದ ಬೆರಳುಗಳ ಕೈಯಿಂದ ಮುಖ ಮುಚ್ಚಿಕೊಂಡ.

ಶುಕ್ರವಾರ ಜಾಮೀನು ಸಿಕ್ಕಿತು, ಮುಚ್ಚಳಿಕೆಯ ಮೇಲೆ ಡಬ್ಬಿ ಹುಡುಗಿಯ ಕೈ ಸೇರಿತು. ಅದೇ ಸಂಜೆ ಇನ್ಸ್‌ಪೆಕ್ಟರ್ ಕೇಸ್ ಡೈರಿ ಬರೆಯಲು ಕೂತರು. ಕಳವಿನ ಉದ್ದೇಶ ಎಂಬಲ್ಲಿ ರೂಢಿಯಂತೆ 'ದುರಾಸೆ' ಎಂದು ಬರೆದು, ತಡೆದು, ಅಡ್ಡಗೆರೆ ಎಳೆದರು. ಅದರ ಪಕ್ಕದಲ್ಲಿ ಬರೆದರು: ಕೊಟ್ಟದ್ದನ್ನು ಕೇಳಲು ನಾಚಿಕೆ.