ಮೂರನೇ ಮಹಡಿಯ ಒಳಕಲ್ಲು

ರಾಣೆಬೆನ್ನೂರಿನ ಆ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಿಂದ ಕಳುವಾದದ್ದು ಉಂಗುರವಲ್ಲ, ಮೊಬೈಲಲ್ಲ. ಖಾರ ಕುಟ್ಟುವ ಒಳಕಲ್ಲು. ಆನೆ ಎಡವಿದರೆ ಆನೆಯೇ ಕುಂಟಬೇಕು, ಅಂಥದ್ದು. ಅದನ್ನು ಪತ್ತೆ ಮಾಡಿದವರು ಎರಡನೇ ಮಹಡಿಯ ವೆಂಕೂಬಾಯಿ, ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ಟಿಲ್ಲದವನು ಹರಿಹರದಲ್ಲಿ ಹತ್ತಿದರೆ ಹಾವೇರಿಯಲ್ಲಿ ನಿಂತ ಇವರಿಗೆ ವಾಸನೆ ಬಡಿಯುತ್ತಿತ್ತು. ಪತ್ತೆಗೆ ಹೊರಟಾಗ ಅವರ ಕನ್ನಡಕ ಹೊರುವವರು ಯಜಮಾನರಾದ ಅಣ್ಣಾಜಿ. ಆ ಕನ್ನಡಕದ ಬಲದ ಮೇಲೆ ಪ್ರತಿ ಪತ್ತೆಯಲ್ಲೂ ಅರ್ಧ ಪಾಲು ತಮ್ಮದೆಂದು ಅವರು ನಂಬಿದ್ದರು.

ಮೇಲಿನ ಮನೆಯ ಸುಚಿತ್ರಾ ಕಣ್ಣೊರೆಸಿಕೊಳ್ಳುತ್ತ ಬಂದಳು. "ಕಾಕೂ, ಒಳಕಲ್ಲ ಕಾಣವಲ್ದು. ನಾನ ಸಾಗಿಸೇನಿ ಅಂತ ಅತ್ತಿ ಮೋಟೆಬೆನ್ನೂರಿಗೆ ಮಗಳ ಮನಿಗೆ ಹೊಂಟಾರ. ಇವತ್ತ ಹೋದ್ರ ಹೊಳ್ಳಿ ಬರಾಂಗಿಲ್ಲ ಅಂತಾರ."

"ಸಾಗಿಸೀಯೇನು?"

"ಕೊಡಾಕ ಒಪ್ಪಿದ್ದೆ, ಖರೇ. ಢಾಬಾದ ಚನ್ನೇಶ, ಢಾಬಾದ ಮುಂದ ಚಂದಕ್ಕ ಹಳ್ಳಿ ಸಾಮಾನು ಜೋಡಸ್ತೀನಿ ಅಂತ ಕೇಳಿದ್ದ. ಅಂವ ಬರಾವ ನಾಳೆ. ಕಲ್ಲ ಇವತ್ತ ಇಲ್ಲ."

ಮೂವರೂ ಮೇಲೆ ಹತ್ತಿದರು. ಮನೆ ಎಷ್ಟು ಚಿಕ್ಕದೆಂದರೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಬಚ್ಚಲಲ್ಲಿ ಮೀಯುವವನ ಬೆನ್ನಿಗೆ ಸಾಸಿವೆ ಸಿಡಿಯುತ್ತಿತ್ತು. ಸುಚಿತ್ರಾ ಮೊಬೈಲಿನಲ್ಲಿ ನೋಡಿ ಕಲಿತು ಇಡೀ ಮನೆಯನ್ನು ಅಚ್ಚುಕಟ್ಟು ಮಾಡಿದ್ದಳು. ವರ್ಷವಿಡೀ ಕೈ ಮುಟ್ಟದ ಸಾಮಾನು ಹೊರಗೆ. ಅದೇ ಅವಳ ಕಾಯಿದೆ; ಅತ್ತೆ ಕಟ್ಟಿಟ್ಟದ್ದು, ಗಂಡನ ಸ್ವಂತದ್ದು ಮಾತ್ರ ಅವಳು ಬಿಚ್ಚುತ್ತಿರಲಿಲ್ಲ. ಧೂಳೆಂಬುದು ಆ ಮನೆಗೆ ಹೆದರಿ ಬೀದಿಯಲ್ಲೇ ನಿಂತಿತ್ತು.

ಅವಳ ಗಂಡ ಮಾಲತೇಶ ಲಗುಬಗೆಯಿಂದ ಎದ್ದ. "ಬರ್ರಿ ಕಾಕಾ, ಕುಂದ್ರಿ ಕಾಕೂ." ಇದ್ದ ಎರಡು ಕುರ್ಚಿಯನ್ನೂ ಅವರಿಗೆ ಸರಿಸಿ, ತಾನು ಬಾಗಿಲ ಮೂಲೆಯ ಮೆಣಸಿನಕಾಯಿ ಚೀಲದ ಮೇಲೆ ಕುಳಿತುಕೊಂಡ.

ಅವನ ತಾಯಿ ಭರಮವ್ವ ಸ್ಟೂಲು ಹತ್ತಿ, ಅಟ್ಟದ ಮೇಲಿನ ಮಗನ ದೊಡ್ಡ ಸೂಟ್‌ಕೇಸನ್ನು ಸರಿಸಿ, ತಮ್ಮ ಬ್ಯಾಗು ಎಳೆದರು. ಸೀನಿದರು. ಒಂದಲ್ಲ, ಎರಡಲ್ಲ, ಹಲಗೇರಿಯ ತನಕ ಎಮ್ಮೆಗಳು ಕಿವಿ ನಿಮಿರಿಸುವಷ್ಟು ಸೀನಿದರು.

"ನನ್ನ ಕಲ್ಲ ಹೋತು. ಇನ್ನ ಇಕಿ ನನ್ನೂ ಢಾಬಾದ ಮುಂದ ನಿಲ್ಲಸ್ತಾಳ," ಎಂದು ಬ್ಯಾಗಿಗೆ ಸೀರೆ ತುರುಕಿದರು.

"ಆ ಚನ್ನೇಶನೇ ಒಂದ ದಿನ ಮೊದಲ ಬಂದು ಒಯ್ದಾನ," ಎಂದರು ಅಣ್ಣಾಜಿ.

"ಲಿಫ್ಟ್ ಇಲ್ಲ. ಮೆಟ್ಟಲಾ ನಮ್ಮ ಬಾಗಲದ ಮುಂದನ ಹಾಯ್ತಾವ. ಆ ಕಲ್ಲು ಇಳದಿದ್ರ ನಿಮ್ಮ ನಿದ್ದಿಗೂ ಎಚ್ಚರಾಗ್ತಿತ್ತು," ಎಂದ ವೆಂಕೂಬಾಯಿ ಭರಮವ್ವನತ್ತ ತಿರುಗಿದರು. "ಈ ಮೆಣಸಿನಕಾಯಿ ಚೀಲ ಕಟ್ಟಿದವರು ಯಾರು?"

"ನಾನ. ಬ್ಯಾಡಗಿಯಿಂದ ತಂದು, ಬಿಸಲಿಗೆ ಹಾಕಿ ಕಟ್ಟೇನಿ. ಡಬ್ಬ್ಯಾಗಿನ ಕಾಯಿ ತೀರೂತನಕ ನಮ್ಮಲ್ಲಿ ಚೀಲದ ಬಾಯಿ ಬಿಚ್ಚೂದಿಲ್ಲ."

ವೆಂಕೂಬಾಯಿ ಕನ್ನಡಕಕ್ಕೆ ಕೈ ಚಾಚಿದರು. ಅಣ್ಣಾಜಿ ಅದನ್ನು ಅಂಗಿಯ ತುದಿಯಲ್ಲಿ ಒರೆಸಿ ಕೊಟ್ಟರು. ಪತ್ತೆ ಮುಗಿದ ಗುರುತು ಅದು.

"ಎಲ್ಲಾರೂ ಕುಂದರ್ರಿ. ಕಲ್ಲು ಮೆಟ್ಟಲಾ ಇಳದಿಲ್ಲ, ಅಂದ ಮ್ಯಾಲ ಮನ್ಯಾಗ ಅದ. ಸುಚಿತ್ರಾ ಎಲ್ಲಾ ತಗದು ಒರಸ್ಯಾಳ. ಆಕಿ ಬಿಚ್ಚಿ ನೋಡಲಾರದ್ದು ಎರಡೇ: ಅತ್ತಿಯ ಚೀಲ, ಗಂಡನ ಸೂಟ್‌ಕೇಸು. ಮಾಲತೇಶ, ನೀ ಹುಟ್ಟಿದ್ದು ಬ್ಯಾಡಗ್ಯಾಗ. ಅಲ್ಲಿ ಒಣ ಮೆಣಸಿನಕಾಯಿ ಚೀಲದ ಮ್ಯಾಲ ಯಾರರ ಕುಂದರ್ತಾರೇನಪಾ?"

ಮಾಲತೇಶ ಚೇಳು ಕಡಿದವನಂತೆ ಎದ್ದು ನಿಂತ.

"ತಡಾ ಆತು. ಕುಂತರ ಕಾಯಿ ಪಟಪಟ ಮುರೀಬೇಕು, ಘಾಟು ಏಳಬೇಕು. ಬ್ಯಾಡಗಿ ಕಾಯಿಗೆ ಖಾರ ಕಮ್ಮಿ ಅಂತಾರ, ಮೂಗಿಗೆ ಅದು ತಿಳೀಬೇಕಲ್ಲ. ನೀ ಕುಂತಿ, ಚೀಲ ಕುಸೀಲಿಲ್ಲ, ಒಬ್ಬರೂ ಸೀನಲಿಲ್ಲ. ಅಂದ್ರ ಇದರಾಗ ಕಾಯಿ ಇಲ್ಲ. ಧೂಳಿಲ್ಲದ ಅಟ್ಟದಾಗ ಸೂಟ್‌ಕೇಸು ಸರಿಸಿದ ಕೂಡಲೆ ಭರಮವ್ವ ಸೀನಿದ್ರು. ಕಾಯಿ ಅಲ್ಲಿ ಅವ. ಕಾಯಿ ಖಾಲಿ ಮಾಡಿದ ಚೀಲದಾಗ ಏನದ, ನೀನ ತೋರಸು."

ಅವನು ಚೀಲ ಬಿಚ್ಚಿದ. ಹಳೆಯ ಕೌದಿಯಡಿ ಒಳಕಲ್ಲು ಬೋರಲಾಗಿ ಕುಳಿತಿತ್ತು.

"ನಿನ್ನೆ ಇಬ್ರೂ ಮದವಿಗೆ ಹೋದಾಗ ಮುಚ್ಚಿಟ್ಟೆ," ಎಂದ. "ಚನ್ನೇಶ ಬಂದು ಬರಿಗೈಲೆ ಹೋಗಲಿ, ಆಮ್ಯಾಲ ತಗದ್ರಾತು ಅಂದ್ಕೊಂಡೆ. ಇಕಿಗೆ ಬ್ಯಾಡ ಅನ್ನಾಕ ಧೈರ್ಯ ಇಲ್ಲ, ಅವ್ವನ ಕಲ್ಲ ಕೊಡಾಕ ಮನಸಿಲ್ಲ. ಅವ್ವ ಬ್ಯಾಗ ಇಳಸಿದ ಮ್ಯಾಲ ಹೇಳಿದ್ರ ಇಬ್ರೂ ಕೂಡಿ ನನ್ನ ಕುಟ್ಟತಿದ್ರಿ."

"ಹೇಂತಿ ಮ್ಯಾಲ ಕಳುವು ಬಂದ್ರೂ ಸುಮ್ಕ ಕುಂತಿದ್ದೆಲ್ಲೋ," ಎಂದರು ಭರಮವ್ವ. "ಅದೂ ಮೆಣಸಿನಕಾಯಿ ಚೀಲದ ಮ್ಯಾಲ." ಎರಡನೆಯದೇ ದೊಡ್ಡ ಪಾಪವೆಂಬಂತಿತ್ತು ದನಿ.

ಸುಚಿತ್ರಾ ಚನ್ನೇಶನಿಗೆ ಫೋನು ಮಾಡಿ, "ಬರಬ್ಯಾಡ್ರಿ, ಕಲ್ಲಿಗೆ ಕೆಲಸ ಐತಿ," ಎಂದಳು. ಭರಮವ್ವ ಸೀರೆಗಳನ್ನು ಮಂಚದ ಮೇಲೆ ಸುರಿದು, ಖಾಲಿ ಬ್ಯಾಗನ್ನು ಸೊಸೆಯ ಕೈಗಿತ್ತರು. "ಎಲ್ಲಿ ಇಡ್ತೀ ಇಡವಾ. ಅಂದಿದ್ದು ಮನಸಿಗೆ ಹಚ್ಕೋಬ್ಯಾಡ."

ಸೂಟ್‌ಕೇಸಿನಲ್ಲಿ ತುರುಕಿದ್ದ ಕಾಯಿ ಅರ್ಧಕ್ಕರ್ಧ ಮುರಿದಿತ್ತು, ಕುಟ್ಟದೆ ಗತಿಯಿರಲಿಲ್ಲ. ಸಂಜೆ ಅಣ್ಣಾಜಿಯ ತಲೆಯ ಮೇಲೆ ಧಬ್ ಧಬ್ ಶುರುವಾಯಿತು. ಒಂದೇಟಿಗೆ ಭರಮವ್ವನ ಬಳೆ, ಮರುಏಟಿಗೆ ಸುಚಿತ್ರಾಳ ಬಳೆ. ಗೋಡೆಯ ಫೋಟೋಗಳು ಕುಣಿದವು, ಇಡೀ ಅಪಾರ್ಟ್‌ಮೆಂಟು ಸೀನಿತು.

"ಅಲ್ಲಾ, ಪತ್ತೆ ಮಾಡಿ ನಮ್ಮ ತಲಿ ಮ್ಯಾಲನ ಹಾಕ್ಕೊಂಡ್ವೇನ?" ಎಂದರು ಅಣ್ಣಾಜಿ.

"ಅರ್ಧ ಪಾಲು ನಿಮ್ಮದ ಅಲ್ಲೇನು," ಎಂದು ವೆಂಕೂಬಾಯಿ ಕನ್ನಡಕ ತೆಗೆದು ಅವರ ಕೈಗಿಟ್ಟು, ಸೀನಿದರು.